ನಾಲ್ಕು ಮನೆಯ ಚಕ್ರ

ಇಲ್ಲಿ ಬರೆಯುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂದು ಖಚಿತವಾಗಿ ಹೇಳಲಾರೆ. ನಾನು ಇತಿಹಾಸ ಓದಿದವನು. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬಾರದೆಂದು ವಿಶ್ವವಿದ್ಯಾನಿಲಯದಲ್ಲಿ ಕಲಿತವನು. ಇಲ್ಲಿರುವ ಒಬ್ಬನೇ ಸಾಕ್ಷಿ ನಾನೇ. ಪಾದ್ರಿಗಳ ಬಂಗಲೆಯ ಜಗಲಿಯಲ್ಲಿ ಮಣ್ಣಿನ ಮೂರ್ತಿಗಳು ಮೂರಿದ್ದವು ಎಂದು ನೆನಪು. ಕಣ್ಣು ಮುಚ್ಚಿದರೆ ಕೆಲವೊಮ್ಮೆ ಎರಡೇ ಕಾಣುತ್ತವೆ. ಉಪದೇಶಿಯವರು ಒಂದು ಸಂದರ್ಭದಲ್ಲಿ ನಕ್ಕರೆಂದು ಬಹಳ ಕಾಲ ಹೇಳಿಕೊಂಡು ಬಂದಿದ್ದೇನೆ. ಅದು ಬರೀ ಕೆಮ್ಮೂ ಆಗಿರಬಹುದು.

ಯುದ್ಧ ನಡೆಯುತ್ತಿದ್ದ ವರ್ಷಗಳು. ಎಂ.ಎ. ಮುಗಿಸಿ ಎಲ್ಲೂ ಕಾಲೂರಲಾರದೆ ಅಲೆಯುತ್ತಿದ್ದ ನಾನು ದೊಡ್ಡಬಳ್ಳಾಪುರದ ಹತ್ತಿರದ ಒಂದು ಮಿಷನ್ನಿನಲ್ಲಿ, ವಿದೇಶದಿಂದ ಬಂದಿದ್ದ ಪಾದ್ರಿಯೊಬ್ಬರ ಕೈಕೆಳಗೆ ಸೇರಿದೆ. ನಾನು ಕ್ರೈಸ್ತನಲ್ಲ. ಮನೆದೇವರಿಗೆ ಕೈಮುಗಿಯುವುದನ್ನೂ ಬಿಟ್ಟಿದ್ದೆ. ಪಾದ್ರಿಗಳಿಗೆ ಅದು ಗೊತ್ತಿತ್ತು. "ನಂಬುವವರು ನನ್ನಲ್ಲಿ ಬಹಳ ಮಂದಿ ಇದ್ದಾರೆ. ಸಂದೇಹಪಡುವವನು ಒಬ್ಬನೂ ಇಲ್ಲ" ಎಂದು ತಮ್ಮ ಪುಸ್ತಕದ ಕನ್ನಡದಲ್ಲಿ ಹೇಳಿ ಕೆಲಸ ಕೊಟ್ಟರು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಕೆಲಸ ಇಷ್ಟು. ಹೀಬ್ರೂ ಶಾಸ್ತ್ರದಲ್ಲಿ, ಅಂದರೆ ಬೈಬಲಿನ ಹಳೆಯ ಭಾಗದಲ್ಲಿ, ರಾಜರ ಕಾಲಕ್ಕೆ ಮುಂಚೆ, ನ್ಯಾಯಸ್ಥಾಪಕರ ಕಥೆಗಳು ಬರುತ್ತವೆ. ಇಸ್ರಾಯೇಲಿನ ಜನ ತಮ್ಮ ದೇವರನ್ನು ಮರೆತು ನೆರೆಯವರ ದೇವರುಗಳ ಹಿಂದೆ ಹೋಗುತ್ತಾರೆ. ಶತ್ರುಗಳ ಕೈಗೆ ಸಿಕ್ಕಿ ನರಳುತ್ತಾರೆ. ಮೊರೆಯಿಡುತ್ತಾರೆ. ಬಿಡಿಸುವವನೊಬ್ಬ ಏಳುತ್ತಾನೆ, ಅವನೇ ನ್ಯಾಯಸ್ಥಾಪಕ. ಅವನಿರುವಷ್ಟು ದಿನ ನೆಮ್ಮದಿ, ಅವನು ಸತ್ತ ಮೇಲೆ ಎಲ್ಲ ಮತ್ತೆ ಮೊದಲಿನಿಂದ. ಪಾದ್ರಿಗಳಿಗೆ ಇದು ತಿರುಗುವ ಚಕ್ರವಾಗಿ ಕಂಡಿತ್ತು: ಮರೆವು, ನರಳಾಟ, ಮೊರೆ, ಬಿಡುಗಡೆ ಎಂಬ ನಾಲ್ಕು ಮನೆ. ಓದು ಬಾರದ ಹಳ್ಳಿಯ ಸಭೆಗಳಿಗೆ ಇದನ್ನು ಪಾಠವಾಗಿ ಹೊಂದಿಸಬೇಕು, ದೊಡ್ಡ ಬಟ್ಟೆಯ ಮೇಲೆ ಚಕ್ರ ಬರೆಯಬೇಕು, ಮೊದಲು ಒಂದು ಹಳ್ಳಿಯಲ್ಲಿ ಹೇಳಿ ನೋಡಬೇಕು.

ಯಾವ ಹಳ್ಳಿ ಎನ್ನುವಾಗ ಪಾದ್ರಿಗಳು ದನಿ ತಗ್ಗಿಸಿದರು. ಘಾಟಿ ಸುಬ್ರಹ್ಮಣ್ಯದ ದಾರಿಯಿಂದ ಒಳಕ್ಕೆ ಹೋಗುವ ಒಂದು ಊರು. ಅಲ್ಲಿಯ ಕೇರಿಯವರು ಹಿಂದಿನ ತಲೆಮಾರಿನಲ್ಲೇ ಕ್ರೈಸ್ತರಾದವರು. ಮಿಷನ್ನಿನ ಉಪದೇಶಿಯೊಬ್ಬರು ಅವರಿಗೆ ಪ್ರಾರ್ಥನೆಯನ್ನೂ ಅವರ ಮಕ್ಕಳಿಗೆ ಶಾಲೆಯನ್ನೂ ನಡೆಸುತ್ತಿದ್ದರು. ಊರ ಶಾಲೆಯಲ್ಲಿ ಕೇರಿಯ ಮಕ್ಕಳು ಹೊರಜಗಲಿಯಲ್ಲಿ ಕೂರಬೇಕಿತ್ತು. ಚಾವಣಿಯ ಕೆಳಗೆ ಕೂತು ಅಕ್ಷರ ತಿದ್ದುವ ಜಾಗವೆಂದರೆ ಉಪದೇಶಿಯವರ ಶಾಲೆಯೊಂದೇ.

"ಆ ಸಭೆ ಮತ್ತೆ ಮತ್ತೆ ಬೀಳುತ್ತದೆ" ಎಂದರು ಪಾದ್ರಿಗಳು. "ಮಾರಿಯನ್ನು ಪೂಜಿಸುತ್ತಾರೆ. ನಾನು ಹೋದಾಗ ಅತ್ತು, ಆ ವಿಗ್ರಹವನ್ನು ನನ್ನ ಕೈಗೆ ಒಪ್ಪಿಸುತ್ತಾರೆ. ಮೂರು ಸಲ ಹೀಗಾಯಿತು. ಯುದ್ಧದಿಂದ ನಮಗೆ ಬರುವ ಹಣ ಕಡಿಮೆಯಾಗಿದೆ, ಒಂದು ಶಾಲೆಯನ್ನು ಮುಚ್ಚಲೇಬೇಕು. ಅವರ ಉಜ್ಜೀವನ, ಅಂದರೆ ದೇವರ ಕಡೆಗೆ ಅವರು ಮತ್ತೆ ತಿರುಗುವುದು, ನಿಜವೋ, ಉಪದೇಶಿಯ ನಾಟಕವೋ, ನೀವು ನೋಡಿ ಹೇಳಿ. ನಾಟಕವಾದರೆ ಮುಚ್ಚುವುದು ಆ ಶಾಲೆಯನ್ನೇ."

ಸಂದೇಹಪಡುವವನು ಬೇಕಾದದ್ದು ಏಕೆಂದು ಆಗ ತಿಳಿಯಿತು. ಒಪ್ಪಬಾರದಿತ್ತೇನೋ. ಆದರೆ ಅಷ್ಟರಲ್ಲಿ ನನ್ನ ಕಣ್ಣು ಜಗಲಿಯ ಹಲಗೆಯ ಮೇಲೆ ಹೋಗಿತ್ತು. ಒಪ್ಪಿಸಿದ ಮೂರ್ತಿಗಳನ್ನು ಪಾದ್ರಿಗಳು ಅಲ್ಲಿ ಸಾಲಾಗಿ ಇಟ್ಟಿದ್ದರು, ತಮ್ಮ ದೇಶದವರಿಗೆ ಫೋಟೊ ಕಳಿಸಲು. ಒಂದನ್ನು ಕೈಗೆತ್ತಿಕೊಂಡೆ. ಪೂಜೆಗೊಂಡ ದೇವರಿಗೆ ಎಣ್ಣೆಯ ಜಿಡ್ಡು ಹಿಡಿದಿರಬೇಕು, ಹೊಗೆ ಹತ್ತಿ ಕಪ್ಪಾಗಿರಬೇಕು. ಇವಕ್ಕೆ ಮೇಲುಮೇಲೆ ಸವರಿದ ಅರಿಶಿನ ಕುಂಕುಮ ಬಿಟ್ಟರೆ ಏನೂ ಇರಲಿಲ್ಲ. ಮಣ್ಣು ಸುಟ್ಟದ್ದೂ ಅಲ್ಲ. ಮೂರಕ್ಕೂ ಅದೇ ಗುಡ್ಡೆಗಣ್ಣು, ಅದೇ ದೊಡ್ಡ ಬಲಗಿವಿ. ಒಬ್ಬನದೇ ಕೈ. ನಾಟಕ, ಸಂಶಯವಿಲ್ಲ ಅಂದುಕೊಂಡೆ.

ಹಳ್ಳಿಗೆ ಹೋಗುವ ಮುಂಚೆ ಬಟ್ಟೆ ಸಿದ್ಧವಾಗಬೇಕಿತ್ತು. ದೊಡ್ಡಬಳ್ಳಾಪುರದ ಮಗ್ಗದಿಂದ ಬಿಳಿಯ ಹತ್ತಿ ಬಟ್ಟೆ ತಂದೆ. ಬಣ್ಣ ಹರಡದಂತೆ ಮೊದಲು ಗಂಜಿ ಹಾಕಿ ಬಿಗಿ ಮಾಡಬೇಕು. ರಾಗಿ ಗಂಜಿಗೆ ಬಟ್ಟೆ ಕಂದಿತು. ಗಂಜಿಗೆಂದು ಸುರಿಯುವಷ್ಟು ಅಕ್ಕಿ ಆ ರೇಷನ್ನಿನ ಕಾಲದಲ್ಲಿ ಯಾರಲ್ಲಿತ್ತು? ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕುದಿಸಿ ಅಂಟು ಮಾಡಿದೆ. ದಪ್ಪಗೆ ಬಳಿದರೆ ಬಟ್ಟೆ ಸುತ್ತುವಾಗ ಬಿರುಕು ಬಿಡುತ್ತಿತ್ತು, ತೆಳ್ಳಗೆ ಬಳಿದರೆ ಕೆಮ್ಮಣ್ಣು ಸುಣ್ಣದೊಳಕ್ಕೆ ಹರಿಯುತ್ತಿತ್ತು. ಎರಡು ಬಟ್ಟೆ ಹಾಳಾದವು. ಮೂರನೆಯದರಲ್ಲಿ ಚಕ್ರ ನಿಂತಿತು: ಮರೆವಿಗೆ ಕಾಡಿಗೆ ಕಪ್ಪು, ನರಳಾಟಕ್ಕೆ ಕೆಮ್ಮಣ್ಣು, ಮೊರೆಗೆ ಬಟ್ಟೆಗೆ ಹಾಕುವ ನೀಲಿ, ಬಿಡುಗಡೆಗೆ ಬರೀ ಸುಣ್ಣದ ಬಿಳುಪು.

ಬಟ್ಟೆ ಸುತ್ತಿಕೊಂಡು ಹಳ್ಳಿಗೆ ಹೋಗಿ ಶಾಲೆಯಲ್ಲೇ ಉಳಿದೆ. ಪಾಠ ಹೇಳುವ ನನ್ನ ಕ್ರಮ ಹೀಗಿತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಶಾಲೆಯೊಳಗೆ ಕೇರಿಯವರಿಗೆ ಒಂದು ಸುತ್ತಿನ ಕಥೆಯನ್ನು ಬಾಯಲ್ಲೇ ಹೇಳುವುದು. ಮರುದಿನ ಅವರಲ್ಲೇ ಒಬ್ಬರಿಂದ ತಿರುಗಿ ಹೇಳಿಸುವುದು. ಎಲ್ಲಿ ತಪ್ಪುತ್ತಾರೋ ಅಲ್ಲಿ ನನ್ನ ಮಾತು ಸರಿಯಿಲ್ಲವೆಂದು ತಿಳಿದು, ತಿದ್ದಿ, ಮತ್ತೆ ಹೇಳುವುದು. ತಪ್ಪುಗಳು ಒಂದೊಂದು ಬಾಯಲ್ಲಿ ಒಂದೊಂದು ಥರ ಬರುತ್ತವೆ ಎಂದು ಎಣಿಸಿದ್ದೆ.

ಮೊದಲು ತಿರುಗಿ ಹೇಳಿದವಳು ಕೇರಿಯಲ್ಲಿ ಎಲ್ಲರಿಗಿಂತ ಹಿರಿಯಳಾದ ಒಬ್ಬ ಅಜ್ಜಿ. ಜನ ಮರೆತದ್ದು, ನರಳಿದ್ದು ಎಲ್ಲ ಸರಿಯಾಗಿ ಹೇಳಿದಳು. ಆಮೇಲೆ:

"ಆಮೇಕೆ ಗೊಳೋ ಅಂತ ಅತ್ರು ಸ್ವಾಮಿ. ಅತ್ಬುಟ್ಟು, ಆ ಮಾರೀನ ಮೊರದಾಗೆ ಕೂರಿಸ್ಕೊಂಡು ಗಡಿ ದಾಟಿಸಿ ಬಂದ್ರು. ಆಗ ಬಂದ ನೋಡಿ ಆ ಬಿಡಿಸೋನು."

"ಗಡಿ ದಾಟಿಸಿದ್ದು ಅಂತ ನಾನೆಲ್ಲಿ ಹೇಳಿದೆ ಅಜ್ಜಿ?"

"ನೀವ್ ಯೋಳ್ಲಿಲ್ಲ. ಮರ್ತಿದ್ರೇನೋ ಬುಡಿ."

ಎಲ್ಲರೂ ನಕ್ಕರು. ನಾನು ಕಥೆಯನ್ನು ಇನ್ನೂ ಸರಳ ಮಾಡಿ ಮತ್ತೆ ಹೇಳಿದೆ. ಮರುದಿನ ಬೇರೆಯವರಿಂದ ಹೇಳಿಸಿದೆ. ಅದೇ ಜಾಗದಲ್ಲಿ ಅದೇ ಮಾತು. ಎರಡನೆಯ ಸುತ್ತಿನ ಕಥೆಗೂ ಹಾಗೆಯೇ. ಮೊರೆಗೂ ಬಿಡುಗಡೆಗೂ ನಡುವೆ ಯಾರೋ ಒಂದು ಐದನೆಯ ಮನೆ ಕಟ್ಟಿಬಿಟ್ಟಿದ್ದರು.

ಇದು ಉಪದೇಶಿಯವರ ತರಬೇತಿ ಎಂದುಕೊಂಡೆ. ನಲವತ್ತು ದಾಟಿದ, ಮೆತ್ತಗೆ ಮಾತಾಡುವ, ಯಾವ ಪ್ರಶ್ನೆಗೂ ನೇರ ಉತ್ತರ ಕೊಡದ ಮನುಷ್ಯ. ಪರೀಕ್ಷಿಸಲು ಅವರನ್ನು ಸೀಮೆಎಣ್ಣೆಯ ನೆಪದಲ್ಲಿ ಪೇಟೆಗೆ ಕಳಿಸಿ, ಶಾಲೆಯ ಕಡೆ ಬಾರದ ಹೆಂಗಸರು ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದಲ್ಲಿಗೇ ಹೋಗಿ, ಬದುವಿನ ಮೇಲೆ ನಿಂತು ಕಥೆ ಹೇಳಿದೆ. ಅವರೂ ಗಡಿ ದಾಟಿಸಿದರು. "ಅವ್ಳನ್ನ ಮನೇಲೇ ಮಡಿಕ್ಕಂಡು ಇನ್ನೊಬ್ಬನ್ನ ಕರೆದ್ರೆ ಬತ್ತಾನಾ ಸ್ವಾಮಿ?" ಎಂದಳು ಒಬ್ಬಳು. "ನಿಮ್ಮ ಮನೇಲಿ ಆಯ್ತದಾ?" ಕಳೆಗುದ್ದಲಿಗಳು ನಿಂತು ನಗು ಎದ್ದಿತು.

ತರಬೇತಿ ಕೊಟ್ಟು ಕಲಿಸಿದ್ದಲ್ಲ ಎಂದು ಒಪ್ಪಬೇಕಾಯಿತು. ಆದರೆ ಮೂರ್ತಿಗಳು? ಸೈಕಲ್ ಹತ್ತಿ ಪಕ್ಕದ ಊರಿನ ಕುಂಬಾರನಲ್ಲಿಗೆ ಹೋದೆ. ಗುಡ್ಡೆಗಣ್ಣು, ದೊಡ್ಡ ಬಲಗಿವಿ ಎಂದು ವರ್ಣಿಸಿದೆ.

"ಹೂಂ, ನಾನೇ ಮಾಡ್ದೋನು" ಎಂದ ಆತ. "ಯಾಕ್ ಸ್ವಾಮಿ, ಮೂಗು ಸರಿ ಬಂದಿಲ್ವಾ?"

"ಯಾರು ಮಾಡಿಸಿದ್ದು?"

"ಕೇರಿಯೋರು. ಉಪದೇಸಿನೂ ಜತೇಲಿ ಬತ್ತಾರೆ. ಈ ಸಲದ್ದು ಒಣಗ್ತು, ತಗೊಂಡ್ ಓದ್ರಲ್ಲ."

ಈ ಸಲದ್ದು! ನಾನು ಮರೆವು, ಮೊರೆ ಎಂದು ಬಡಬಡಿಸುತ್ತಿದ್ದ ದಿನಗಳಲ್ಲೇ ಮುಂದಿನ ನಾಟಕದ ಸಾಮಾನು ಒಣಗುತ್ತಿತ್ತು.

"ಸುಡೋದಿಲ್ಲ ಯಾಕೆ?"

"ಸುಟ್ರೆ ನಿಂತ್ಬುಡ್ತಾಳೆ ಸ್ವಾಮಿ. ಹಸಿಮಣ್ಣಾದ್ರೆ ಗಡಿ ಆಚೆ ಮಳೆಗೆ ಕರಗೋಯ್ತಾಳೆ. ಕರಗಿದ್ರೇ ತಾನೆ ಓದಂಗೆ?"

ಅವನ ಮಾತಿನ ಕೊನೆಯ ಭಾಗ ಆಗ ನನ್ನ ತಲೆಗೆ ಹೋಗಲಿಲ್ಲ. ಸಿಕ್ಕಿಬಿದ್ದರು ಎಂಬ ಸಂತೋಷವೇ ಹೆಚ್ಚಾಗಿತ್ತು. ವಾಪಸು ಬಂದವನೇ ಶಾಲೆಯ ಹಿಂಭಾಗದ ಕೋಣೆಗೆ ನುಗ್ಗಿದೆ. ಮಕ್ಕಳ ಹಲಗೆಗಳನ್ನು ಜೋಡಿಸಿಟ್ಟಿದ್ದ ಮೂಲೆಯಲ್ಲಿ ಒಂದು ಮಂಕರಿ ಕವುಚಿತ್ತು. ಎತ್ತಿದೆ. ಬೇವಿನ ಸೊಪ್ಪಿನ ಮೇಲೆ ಕೂತು ಗುಡ್ಡೆಗಣ್ಣು ನನ್ನನ್ನು ನೋಡಿತು. ಹಿಂದೆ ಬಾಗಿಲಲ್ಲಿ ಉಪದೇಶಿಯವರು ನಿಂತಿದ್ದರು.

"ನೋಡಿಬಿಟ್ರಾ ಸಾರ್" ಎಂದರು. ಗಾಬರಿಯಾದಂತೆ ಕಾಣಲಿಲ್ಲ.

"ಯಾರಿಗೆ ಮೋಸ ಮಾಡುತ್ತಿದ್ದೀರಿ? ಪಾದ್ರಿಗಳಿಗೋ, ಈ ಜನಕ್ಕೋ?"

ಅವರು ಗೋಡೆಗೊರಗಿ ಕೂತರು. "ನೀವು ಹುಡುಕ್ತಿರೋ ಹಳೇ ವಿಗ್ರಹ ನಮ್ಮಲ್ಲಿ ಇಲ್ಲ ಸಾರ್. ಮಾರಿಗೆ ಗುಡಿ ಇಲ್ಲ, ಕಲ್ಲಿಲ್ಲ. ವಾಂತಿಭೇದಿ ಬಂದಾಗ ಅವಳನ್ನ ಮಾಡ್ತಾರೆ, ಮರ್ಯಾದೆ ಮಾಡ್ತಾರೆ, ಗಡಿ ದಾಟಿಸ್ತಾರೆ. ಮಾಡೋದೇ ಕಳಿಸೋಕೆ. ಮುಂಚೆ ಪಕ್ಕದ ಊರಿನ ಗಡೀಲಿ ಇಟ್ಟು ಬರೋರು. ಅವರು ಸುಮ್ನಿರ್ತಾರಾ? ದೊಣ್ಣೆ ಹಿಡ್ಕೊಂಡು ಕಾಯೋರು. ನಮ್ಮಪ್ಪನ ಕೈ ಮುರಿದದ್ದು ಹಾಗೆ. ಒಂದ್ಸಲ ಪಾದ್ರಿ ಅಯ್ಯನವರು ಕಾರಿನಲ್ಲಿ ಬಂದಿದ್ರು. 'ಅದನ್ನ ನನಗೆ ಕೊಟ್ಟುಬಿಡಿ' ಅಂದ್ರು. ಕೊಟ್ವಿ. ಕಾರು ಎಲ್ಲಾ ಊರಿನ ಗಡೀನೂ ದಾಟ್ಕೊಂಡು ಹೋಯ್ತು. ಯಾರ ತಲೇನೂ ಒಡೀಲಿಲ್ಲ."

"ಅವರು ಅದನ್ನು ಪಶ್ಚಾತ್ತಾಪ ಅಂದುಕೊಂಡಿದ್ದಾರೆ."

"ಅಲ್ಲ ಅಂತ ನೀವು ಹೇಳ್ತೀರಾ? ಮಕ್ಕಳು ಸತ್ತ ಮನೆಯೋರು ಸುಳ್ಳು ಅಳು ಅಳ್ತಾರಾ? ಇನ್ನು ಬೇಡ, ಇವಳ ಸಹವಾಸ ಸಾಕು ಅಂತಾರೆ. ಅವತ್ತಿಂದ ಪ್ರಾರ್ಥನೆಗೆ ಬರ್ತಾರೆ, ನೀರು ಕಾಯಿಸಿ ಕುಡೀರಿ ಅಂದ್ರೆ ಕೇಳ್ತಾರೆ. ವರ್ಷ ಕಳೆಯುತ್ತೆ. ಮತ್ತೆ ಬರುತ್ತೆ."

"ಯಾಕೆ ಮತ್ತೆ ಬರುತ್ತೆ?"

"ಅದಕ್ಕೆ ಕೇರಿಯೋರು ಒಂದು ಕಾರಣ ಹೇಳ್ತಾರೆ. ಅಯ್ಯನವರ ಮುಂದೆ ನಾನು ಹೇಳೋಕಾಗಲ್ಲ." ಸ್ವಲ್ಪ ತಡೆದು ಹೇಳಿಯೇಬಿಟ್ಟರು. "ಅಯ್ಯನವರು ಅವಳನ್ನ ಮಳೆಗಿಡ್ಲಿಲ್ಲ. ನೆರಳಲ್ಲಿ, ಹಲಗೆ ಮೇಲೆ ಜೋಪಾನ ಮಾಡಿದಾರೆ."

ಕುಂಬಾರನ ಮಾತು ಆಗ ತಲೆಗೆ ಹೋಯಿತು. ಕೇರಿಯ ಹೆಂಗಸರು ಬಂಗಲೆಗೆ ಬಂದಾಗ ಗೇಟಿನ ಹೊರಗೇ ನಿಂತು ಮಾತಾಡಿ ಹೋಗುತ್ತಿದ್ದುದನ್ನು ನಾನೇ ನೋಡಿದ್ದೆ. ನಾಚಿಕೆ ಎಂದುಕೊಂಡಿದ್ದೆ.

ಈ ಸಲದ ತೊಂದರೆಯನ್ನೂ ಉಪದೇಶಿಯವರು ಹೇಳಿದರು. ಹತ್ತಿರದ ಊರುಗಳಲ್ಲಿ ವಾಂತಿಭೇದಿ ಕಾಣಿಸಿಕೊಂಡಿತ್ತು. ಕೇರಿಯವರು ಹೆದರಿ ಮಾರಿಯನ್ನು ಮಾಡಿಸಿಟ್ಟರು. ಆದರೆ ಪೆಟ್ರೋಲ್ ಸಿಗದೆ ಪಾದ್ರಿಗಳ ಕಾರು ನಿಂತುಹೋಗಿತ್ತು. ಕಳಿಸುವ ದಾರಿಯಿಲ್ಲದೆ ಅವಳು ಮಂಕರಿಯ ಕೆಳಗೆ ಕೂತಿದ್ದಳು.

ಅವರು ಹೇಳಿದ್ದೆಲ್ಲ ನಿಜವೇ? ಕೆಲಸ ಉಳಿಸಿಕೊಳ್ಳಲು ಬುದ್ಧಿವಂತ ಹೆಣೆದ ಕಥೆಯೂ ಆಗಬಹುದಿತ್ತು. ಹೊರಟುಹೋಗಿ "ನಾಟಕ" ಎಂಬ ಒಂದು ಮಾತು ಪಾದ್ರಿಗಳಿಗೆ ಹೇಳಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಶಾಲೆಯೂ ಮುಗಿಯುತ್ತಿತ್ತು. ಏನೂ ನೋಡಲಿಲ್ಲವೆಂದರೆ ಶಾಲೆ ಉಳಿಯುತ್ತಿತ್ತು, ಆದರೆ ಸುಳ್ಳು ಹೇಳಿದವನು ನಾನಾಗುತ್ತಿದ್ದೆ. ಕೊನೆಗೆ ಹೇಳಿದೆ: "ಇದನ್ನು ನಾಳೆ ಪಾದ್ರಿಗಳ ಮುಂದೆ ಇಡುತ್ತೇನೆ. ನೀವೂ ಬರಬೇಕು. ನಿಮ್ಮ ಬೆನ್ನ ಹಿಂದೆ ಏನೂ ಹೇಳುವುದಿಲ್ಲ."

"ಯಾವುದರಲ್ಲಿ ತಗೊಂಡು ಹೋಗ್ತೀರಿ ಸಾರ್?"

"ಇನ್ನೇನಿದೆ, ಸೈಕಲ್ಲಿನಲ್ಲಿ."

ನಕ್ಕರು ಅಥವಾ ಕೆಮ್ಮಿದರು ಎಂದು ಹೇಳಿದೆನಲ್ಲ, ಅದು ಆಗಲೇ.

ಬೆಳಗ್ಗೆ ಎದ್ದು ನೋಡಿದರೆ ಶಾಲೆಯ ಮುಂದೆ ಇಡೀ ಕೇರಿ ನಿಂತಿತ್ತು. ಹೆಂಗಸರ ಸೊಂಟದಲ್ಲಿ ನೀರಿನ ಕೊಡ, ಕೈಯಲ್ಲಿ ಬೇವಿನ ಸೊಪ್ಪು. ನನ್ನ ಸೈಕಲ್ಲಿನ ಕ್ಯಾರಿಯರಿಗೆ ಯಾರೋ ಮೊರ ಬಿಗಿದಿದ್ದರು. ಗುಡ್ಡೆಗಣ್ಣಿನವಳು ಅದರಲ್ಲಿ ಕೂತಾಗಿತ್ತು. ನಾನು ಸಾಕ್ಷ್ಯ ಎಂದುಕೊಂಡು ಒಯ್ಯಲು ಹೊರಟದ್ದನ್ನು ಅವರು ಏನೆಂದುಕೊಂಡಿದ್ದಾರೆಂದು ಆಗ ಹೊಳೆಯಿತು. ಉಪದೇಶಿಯವರ ಮುಖ ನೋಡಿದೆ. ಅವರು ಬೇರೆಲ್ಲೋ ನೋಡುತ್ತಿದ್ದರು. ಆಗುವುದಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ.

ಅಜ್ಜಿ ಹತ್ತಿರ ಬಂದಳು. "ಇಂದಕ್ಕೆ ತಿರುಗಿ ನೋಡ್ಬ್ಯಾಡಿ ಸ್ವಾಮಿ. ಚೈನು ಬಿದ್ರೂ ತಿರುಗ್ಬ್ಯಾಡಿ."

"ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ ಅಜ್ಜಿ."

"ಇಲ್ದಿದ್ರೆ ಓಗ್ಲಿ. ನೋಡ್ಬ್ಯಾಡಿ ಅಂದೆ ಅಷ್ಟೆ."

ಹೊರಟೆ. ಹಿಂದೆ ಕೊಡದ ನೀರು ನೆಲಕ್ಕೆ ಬೀಳುವ ಸದ್ದು, ಯಾರೋ ಬಿಕ್ಕುವ ಸದ್ದು. ಕೆರೆ ಏರಿ ದಾಟುವಾಗ ಚೈನು ಬಿದ್ದೇಬಿಟ್ಟಿತು. ಇಳಿದು, ಮುಂದಕ್ಕೇ ಮುಖ ಮಾಡಿ, ಕೈ ಹಿಂದೆ ಚಾಚಿ ತಡಕಾಡಿ ಏರಿಸಿದೆನೆಂದು ಒಂದು ನೆನಪು. ತಿರುಗಿದೆ, ಏರಿಯ ಆ ತುದಿಯಲ್ಲಿ ಹೆಂಗಸರು ಮಿಸುಕದೆ ನಿಂತಿದ್ದರು ಎಂದು ಇನ್ನೊಂದು ನೆನಪು. ಎರಡೂ ಅಷ್ಟೇ ಸ್ಪಷ್ಟವಾಗಿವೆ. ಎರಡರಲ್ಲಿ ಒಂದು ಸುಳ್ಳು.

ಬಂಗಲೆ ತಲುಪಿ, ಹಿಂದೆ ನಡೆದು ಬರುತ್ತಿದ್ದ ಉಪದೇಶಿಯವರಿಗಾಗಿ ಕಾದೆ. ಅವರು ಬಂದ ಮೇಲೆ ಮೊರವನ್ನು ಪಾದ್ರಿಗಳ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ: ಐದನೆಯ ಮನೆ, ಕುಂಬಾರ, ಕಾರು, ಜಗಲಿಯ ಹಲಗೆ. ಪಾದ್ರಿಗಳ ಕಿವಿ ಕೆಂಪಾಯಿತು.

"ಹಾಗಾದರೆ ಮೂರು ಸಲವೂ ಅವರು ನನ್ನನ್ನು ಗಾಡಿಯಾಗಿ ಬಳಸಿದರು" ಎಂದರು. ಉಪದೇಶಿಯವರ ಕಡೆ ತಿರುಗಿ, "ಅವರು ದೇವರಿಗೆ ಮೊರೆಯಿಟ್ಟರೋ, ಇಲ್ಲವೋ?" ಎಂದು ಕೇಳಿದರು.

"ಇಟ್ಟರು ಅಯ್ಯನವರೇ. ಯಾರಿಗೆ ಕೇಳಿಸಲಿ ಅಂತ ಇಟ್ಟರೋ, ಅದು ನನಗೆ ಗೊತ್ತಿಲ್ಲ."

"ಗೊತ್ತಿಲ್ಲದಿದ್ದರೆ ಉಜ್ಜೀವನವಿಲ್ಲ. ಸರಿಯಾದ ಮೊರೆಯಿಲ್ಲದೆ ಬಿಡುಗಡೆಯಿಲ್ಲ. ಚಕ್ರ ಹಾಗೆಯೇ ತಿರುಗುವುದು." ಶಾಲೆಯ ವಿಷಯ ಮುಗಿಯಿತೆಂಬಂತೆ ಅವರು ಎದ್ದರು.

ಆಗ ನನ್ನ ಬಾಯಿಂದ ಬಂದದ್ದು ಹೀಗೆ: "ಕೊನೆಯ ಸುತ್ತಿನಲ್ಲಿ ಇಸ್ರಾಯೇಲಿನ ಜನ ಮೊರೆಯಿಡಲೇ ಇಲ್ಲವಲ್ಲ. ಆದರೂ ಬಿಡಿಸುವವನು ಬಂದ."

ನ್ಯಾಯಸ್ಥಾಪಕರ ಕಥೆಯಲ್ಲಿ ಕೊನೆಗೆ ಬರುವವನು ಸಂಸೋನ, ಮಹಾಬಲಶಾಲಿ. ಅವನ ಸುತ್ತಿನಲ್ಲಿ ಜನ ಅತ್ತದ್ದು ಓದಿದ ನೆನಪು ನನಗೆ ಬರಲಿಲ್ಲ, ಅಷ್ಟೇ. ನನ್ನ ನೆನಪಿನ ಗತಿ ನನಗೆ ಗೊತ್ತು. ಓದಿ ಮರೆತಿರಬಹುದು, ಓದದೆಯೇ ದಾಟಿರಬಹುದು, ವಾದದ ಬಿಸಿಯಲ್ಲಿ ಹುಟ್ಟಿಸಿಕೊಂಡಿರಲೂಬಹುದು. ಆದರೂ ಎಲ್ಲ ಗೊತ್ತಿದ್ದವನಂತೆ ಮುಂದುವರಿದೆ. "ನಾಲ್ಕು ಮನೆ ನಾವು ಕಟ್ಟಿದ್ದು. ಜನ ಸರಿಯಾಗಿ ಅತ್ತರೋ ಇಲ್ಲವೋ ಎಂದು ಅಳೆದು ನೋಡಿ ಯಾರೂ ಅವನನ್ನು ಕಳಿಸಲಿಲ್ಲ. ನೀವು ಯಾಕೆ ಅಳೆಯುತ್ತೀರಿ?"

ಪಾದ್ರಿಗಳು ಮೇಜಿನ ಮೇಲಿದ್ದ ಗ್ರಂಥಕ್ಕೆ ಕೈ ಚಾಚಿದರು. ತೆರೆದರೋ, ಬರೀ ಅದರ ಮೇಲೆ ಕೈಯಿಟ್ಟುಕೊಂಡು ನಿಂತರೋ ಹೇಳಲಾರೆ. ಕೊನೆಗೆ ಉಪದೇಶಿಯವರಿಗೆ, "ನೀವು ಊರಿಗೆ ಹೋಗಿ. ಸೋಮವಾರ ಶಾಲೆ ತೆರೆಯಿರಿ" ಎಂದರು.

ಶಾಲೆ ಮುಚ್ಚಲಿಲ್ಲ. ಮುಚ್ಚಿದ್ದು ಯಾವುದೆಂದು ನಾನು ಕೇಳಲಿಲ್ಲ. ಆ ವಾರ ಮಳೆ ಬಂತು. ಮಳೆ ನಿಂತ ಮೇಲೆ ನೋಡಿದರೆ ಜಗಲಿಯ ಹಲಗೆ ಖಾಲಿಯಾಗಿತ್ತು, ಅಂಗಳದ ಬದಿಯಲ್ಲಿ ಕೆಂಪು ಕೆಸರಿನ ಒಂದು ಗುಡ್ಡೆಯಿತ್ತು. ಹೊರಗಿಟ್ಟವರು ಪಾದ್ರಿಗಳೋ, ಅಡುಗೆಯವನೋ, ಉಪದೇಶಿಯವರೋ ಗೊತ್ತಾಗಲಿಲ್ಲ. ಮೂವರ ಮೇಲೂ ನನಗೆ ಅನುಮಾನವಿತ್ತು. ಚಕ್ರದ ಬಟ್ಟೆಯನ್ನು ಬೇರೆ ಹಳ್ಳಿಗೆ ಕಳಿಸುವ ಮಾತು ಮತ್ತೆ ಬರಲಿಲ್ಲ. ಸ್ವಲ್ಪ ದಿನದಲ್ಲೇ ನಾನೂ ಕೆಲಸ ಬಿಟ್ಟೆ.

ನನ್ನನ್ನು ಬಿಡದೆ ಕಾಡಿದ್ದು ಒಂದೇ. ಆ ಮಕ್ಕಳ ಚಾವಣಿ ನಿಂತದ್ದು ನಾನು ನಿಜವೋ ಸುಳ್ಳೋ ತಿಳಿಯದೆ ಆಡಿದ ಒಂದು ಮಾತಿನ ಮೇಲೆ. ಬಹಳ ವರ್ಷ ಆ ಮಾತನ್ನು ಗ್ರಂಥದಲ್ಲಿ ತೆಗೆದು ನೋಡುವ ಧೈರ್ಯ ಮಾಡಲಿಲ್ಲ. ಆಮೇಲೊಮ್ಮೆ ಬೆಂಗಳೂರಿನ ವಾಚನಾಲಯವೊಂದರಲ್ಲಿ ಹಳೆಯ ಕನ್ನಡ ಅನುವಾದವನ್ನೂ ಇಂಗ್ಲಿಷ್ ಅನುವಾದವನ್ನೂ ಪಕ್ಕಪಕ್ಕ ಇಟ್ಟುಕೊಂಡು, ಸಂಸೋನನ ತಾಯಿಗೆ ದೂತ ಕಾಣಿಸಿಕೊಳ್ಳುವುದಕ್ಕೆ ಮುಂಚಿನಿಂದ ಹಿಡಿದು ಅವನ ಸಾವಿನವರೆಗೆ, ಸಾಲುಸಾಲಿಗೂ ಬೆರಳಿಟ್ಟು ಓದಿದೆ. ಜನ ಕೆಟ್ಟದ್ದು ಇದೆ, ಶತ್ರುಗಳ ಕೈಗೆ ಬಿದ್ದದ್ದು ಇದೆ. ಬಿಡಿಸಲು ಬಂದವನನ್ನೇ ಕಟ್ಟಿ ಶತ್ರುಗಳಿಗೆ ಒಪ್ಪಿಸಿದ್ದೂ ಇದೆ. ಜನ ಮೊರೆಯಿಟ್ಟರೆಂಬ ಮಾತು ಎರಡರಲ್ಲೂ ಎಲ್ಲಿಯೂ ಇಲ್ಲ.